ವಡ್ಡಹಳ್ಳಿಯ ಒತ್ತಕ್ಷರ ಕಳಚಿಕೊಂಡಿದ್ದೇಕೆ?

ಪ್ರಶ್ನೆ: ನಮ್ಮ ತಂದೆಯವರು ಕೋಲಾರದಲ್ಲಿ ಟೊಮೆಟೊ ಮಂಡಿ ನಡೆಸುತ್ತಾರೆ. ಕೋಲಾರ, ವಡ್ಡಹಳ್ಳಿ ಮಾರುಕಟ್ಟೆಗಳ ಬಾಕ್ಸ್ ದರವನ್ನು ರೈತರ ವಾಟ್ಸ್ಆ್ಯಪ್ ಗುಂಪಿಗೆ ದಿನವೂ ಚಿತ್ರವಾಗಿ ಕಳುಹಿಸಲು ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಕೈರೋ ಲೈಬ್ರರಿ ಬಳಸುತ್ತಿದ್ದೇನೆ. ದರ ಏರಿದ ದಿನ ಗೆರೆ ಕೆಳಗಿಳಿಯುತ್ತದೆ. ಒಂದು ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಬೂದು ಬಣ್ಣದಲ್ಲಿ ಮಸುಕಾಗಿ ಮೂಡುತ್ತದೆ. ‘ವಡ್ಡಹಳ್ಳಿ’ ಎಂದು ಬರೆಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನಾಲ್ಕು ಫಾಂಟ್ ಬದಲಿಸಿ ನೋಡಿದ್ದಾಯಿತು.
– ಬಿ.ಸಿ.ಎ. ವಿದ್ಯಾರ್ಥಿ, ಕೋಲಾರ

ಉತ್ತರ: ಐದನೆಯ ಫಾಂಟ್ ಹುಡುಕಬೇಡಿ, ಪಾಪ, ಅದರ ತಪ್ಪೇನೂ ಇಲ್ಲ. ಅಕ್ಷರ ಬರೆಸಲು ನೀವು ಕರೆಯುತ್ತಿರುವುದು ಕೈರೋದ ‘ಶೋ ಟೆಕ್ಸ್ಟ್’ ಆದೇಶ ಇರಬೇಕು. ಕೈರೋ ಕೈಪಿಡಿಯೇ ಅದನ್ನು ‘ಆಟಿಕೆ’ ಎಂದು ಕರೆದಿದೆ. ಅದು ಒಂದೊಂದು ಸಂಕೇತಕ್ಕೂ ಫಾಂಟ್‌ನಿಂದ ಒಂದೊಂದು ಆಕಾರ ತೆಗೆದು ಸಾಲಾಗಿ ಜೋಡಿಸುತ್ತದೆ, ಅಷ್ಟೆ. ಯೂನಿಕೋಡ್‌ನಲ್ಲಿ ‘ಡ್ಡ’ ಎಂದರೆ ಡ, ಹಲಂತ ಚಿಹ್ನೆ, ಮತ್ತೆ ಡ. ‘ಳ್ಳಿ’ ಇನ್ನೂ ತರಲೆ: ಗುಡಿಸಿನ ಸಂಕೇತ ಬರುವುದು ಕಟ್ಟಕಡೆಗೆ, ಕಾಣಬೇಕಾದದ್ದು ಮೊದಲ ಳಕಾರದ ತಲೆಯ ಮೇಲೆ. ಈ ಜೋಡಣೆಯ ನಿಯಮಗಳು ಫಾಂಟ್‌ನೊಳಗೇ ಇವೆ, ಓದಿ ಪಾಲಿಸುವವರು ಬೇಕಲ್ಲ! ಆ ಕೆಲಸ ‘ಹಾರ್ಫ್‌ಬಜ್’ ಎಂಬ ಲೈಬ್ರರಿಯದು. ಅದನ್ನು ನೇರವಾಗಿ ಕರೆಯುವ ಗೋಜು ನಿಮಗೆ ಬೇಡ. ಅದನ್ನು ಬಳಸಿಕೊಂಡು ಪಠ್ಯ ಜೋಡಿಸುವ ‘ಪ್ಯಾಂಗೋ’ ಲೈಬ್ರರಿ ಸಾಕು. ‘ಪ್ಯಾಂಗೋಕೈರೋ’ದಲ್ಲಿ (ಪ್ಯಾಂಗೋವನ್ನು ಕೈರೋಗೆ ಜೋಡಿಸುವ ಕೊಂಡಿ ಇದು) ಒಂದು ಲೇಔಟ್, ಅಂದರೆ ಪಠ್ಯದ ಚೌಕಟ್ಟು, ಸೃಷ್ಟಿಸಿ, ಪಠ್ಯವನ್ನೂ ನೋಟೋ ಸಾನ್ಸ್ ಕನ್ನಡದಂತಹ ಫಾಂಟನ್ನೂ ಕೊಟ್ಟು, ಈಗಿರುವ ಚಿತ್ರದ ಮೇಲೆಯೇ ‘ಶೋ ಲೇಔಟ್’ ಮಾಡಿ. ಬದಲಿಸಿದ ಕೂಡಲೇ ಅಕ್ಷರಗಳೆಲ್ಲ ಸ್ವಲ್ಪ ಕೆಳಗೆ ಜಾರಿದರೆ ಗಾಬರಿಯಾಗಬೇಡಿ. ಹಳೆಯ ವಿಧಾನದಲ್ಲಿ ನೀವು ಕೊಟ್ಟ ಬಿಂದು ಅಕ್ಷರ ಕೂರುವ ಗೆರೆಯದು, ಇಲ್ಲಿ ಅದು ಲೇಔಟ್‌ನ ಎಡ ಮೇಲ್ತುದಿಯದು.

ಗೆರೆಯ ಮಸುಕಿಗೆ ಕಾರಣ ಅರ್ಧ ಪಿಕ್ಸೆಲ್. ಚೌಕುಳಿ ಹಾಳೆಯನ್ನು ನೆನಪಿಸಿಕೊಳ್ಳಿ. ಕೈರೋದಲ್ಲಿ 10 ಎಂಬುದು ಚೌಕದ ಹೆಸರಲ್ಲ, ಎರಡು ಚೌಕಗಳ ನಡುವಿನ ಗೆರೆಯ ಹೆಸರು. ಅಲ್ಲಿ ಒಂದು ಪಿಕ್ಸೆಲ್ ದಪ್ಪಕ್ಕೆ ಎಳೆದರೆ ಎರಡೂ ಕಡೆಗೆ ಅರ್ಧರ್ಧ ಬಣ್ಣ ಹಂಚಿಹೋಗುತ್ತದೆ. 10.5 ಎಂದು ಕೊಡಿ, ಕಪ್ಪಗೆ ಮೂಡುತ್ತದೆ. ಎರಡು ಪಿಕ್ಸೆಲ್ ದಪ್ಪವಾದರೆ 10 ಸರಿ. ಅಕ್ಷಗಳಿಗೆ, ಅಡ್ಡಗೆರೆಗಳಿಗೆ ಮಾತ್ರ ಈ ಲೆಕ್ಕ. ಓರೆಯಾಗಿ ಸಾಗುವ ದರದ ಗೆರೆಯ ತಂಟೆಗೆ ಹೋಗಬೇಡಿ.

ತಲೆಕೆಳಗಾದದ್ದು ಸಣ್ಣ ಸಂಗತಿ. ಸೊನ್ನೆ ಇರುವುದು ಚಿತ್ರದ ಮೇಲಂಚಿನಲ್ಲಿ, ಎಣಿಕೆ ಕೆಳಮುಖ. ಚಿತ್ರದ ಎತ್ತರದಿಂದ ಕೆಳಗೆ ಬಿಟ್ಟ ಖಾಲಿ ಜಾಗವನ್ನೂ ಪಿಕ್ಸೆಲ್ ಲೆಕ್ಕಕ್ಕೆ ತಂದ ದರದ ಅಳತೆಯನ್ನೂ ಕಳೆಯಿರಿ. ಇಡೀ ಚಿತ್ರವನ್ನೇ ಮಗುಚುವ ಉಪಾಯವೂ ಉಂಟು, ಆದರೆ ಅದರೊಂದಿಗೆ ಅಕ್ಷರಗಳೂ ಮಗುಚಿಕೊಳ್ಳುತ್ತವೆ.

ನೀವು ಕೇಳದ ಒಂದು ಮಾತು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ಎತ್ತರಕ್ಕೆ ಅಳತೆ ಹೊಂದಿಸಿದರೆ ಸಾಮಾನ್ಯ ದಿನಗಳ ಏರಿಳಿತ ನೆಲಕ್ಕಂಟಿಕೊಳ್ಳುತ್ತದೆ. ಆಯಾ ತಿಂಗಳ ಗರಿಷ್ಠ ದರವೇ ಮೇಲ್ಮಿತಿಯಾಗಲಿ. ಹಾಗೆಂದು ಬುಡವನ್ನು ಸೊನ್ನೆಯ ಬದಲು 300ರಿಂದ ಶುರುಮಾಡಿದರೆ ಇಪ್ಪತ್ತು ರೂಪಾಯಿ ಇಳಿದರೂ ದರ ಪಾತಾಳ ಕಂಡಂತೆ ತೋರುತ್ತದೆ, ನಾಳೆ ಕಾಯಿ ಕೀಳಲೋ ಬೇಡವೋ ಎಂದು ರೈತ ಅನುಮಾನಿಸುತ್ತಾನೆ. ಅನಿವಾರ್ಯವಾದರೆ ಆ 300 ಅನ್ನು ಅಕ್ಷದ ಬುಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.