ತೋಟದ ಮಕ್ಕಳ ಕೋಣೆಗೆ ಸಾಮಾನು ತರೋ ಮುಂಚೆ

ಅಣ್ಣ, ಕಾಫಿ ಕೊಯ್ಲಿಗೆ ಬರೋ ಆಳುಗಳ ಮಕ್ಕಳಿಗೆ ಅಂತ ಲೈನ್ ಮನೆ ಸಾಲಿನ ಕೊನೇ ಕೋಣೆ ಬಿಡಿಸಿದ್ದೀರಿ, 12 ಅಡಿಗೆ 18 ಅಡಿ, 14 ಮಕ್ಕಳು, ಐದು ತಿಂಗಳಿಂದ ಮೂರು ವರ್ಷದೊಳಗಿನವು. ಏನೇನು ತರಿಸ್ಲಿ ಅಂತ ಕೇಳಿ ಹಾಕಿದ ಪಟ್ಟಿ ನೋಡಿದೆ: ಟಿವಿ, ಎರಡು ವಾಕರ್, ಜಾರುಬಂಡೆ, ಗೋಡೆಗೆ ಕಾರ್ಟೂನ್ ಪೇಂಟಿಂಗ್. ಮದುವೆಗೆ ಮುಂಚೆ ನಾನು ಶಿಶುಪಾಲನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದೆ, ಈಗ ನಮ್ಮ ತೋಟದಲ್ಲೂ ಕೊಯ್ಲಿನ ಹೊತ್ತಿಗೆ ಇಂಥದೇ ಕೋಣೆ ನಡೆಸ್ತೀವಿ. ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಬೇಜಾರಾಗ್ಬೇಡಿ.

ಆ ಪಟ್ಟಿಯಲ್ಲಿ ಇರೋದೆಲ್ಲ ತೆಗೀಬಹುದು. ವಾಕರ್‌ನಿಂದ ಮಗು ಬೇಗ ನಡೆಯೋದೂ ಇಲ್ಲ, ಹೊಸ್ತಿಲಿಂದ ಉರುಳಿ ತಲೆ ಒಡೆದುಕೊಳ್ಳೋದು ಬೇರೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಟಿವಿ ಎರಡು ವರ್ಷದೊಳಗಿನವಕ್ಕೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟಿವಿ ಇದ್ದರೆ ನೋಡಿಕೊಳ್ಳೋರೂ ಅದನ್ನೇ ನೋಡ್ತಾ ಕೂತುಬಿಡ್ತಾರೆ, ನನಗೆ ಅದೇ ದೊಡ್ಡ ಚಿಂತೆ.

ಮೊದಲು ಹೇಳಿ, ಆ ಕೋಣೆ ಮುಂಚೆ ಯಾತಕ್ಕೆ ಇತ್ತು? ಮೈಲುತುತ್ತ, ಕಳೆನಾಶಕ, ಗೊಬ್ಬರ ಇಟ್ಟ ಗೋಡೌನ್ ಆಗಿದ್ದರೆ ಎಷ್ಟು ತೊಳೆದರೂ ಬೇಡ, ಬೇರೆ ಕೋಣೆ ನೋಡಿ. ಅಂಬೆಗಾಲಿಡೋ ಮಗು ನೆಲ ಮುಟ್ಟಿದ ಕೈಯನ್ನ ದಿನವಿಡೀ ಬಾಯಿಗೆ ಹಾಕ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್‌ನ ತೊಟ್ಟಿ, ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಕಲಸೋ ಡ್ರಮ್ ಎಲ್ಲ ಬಾಗಿಲಿಂದ ದೂರ ಇರ್ಲಿ, ಮುಚ್ಚಳ ಇರ್ಲಿ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಬಿಡಬೇಡಿ. ಈ ವಯಸ್ಸಿನಲ್ಲಿ ತಲೆಯೇ ಭಾರ, ಬಗ್ಗಿ ಬಿದ್ದರೆ ಎತ್ತಿಕೊಳ್ಳಕ್ಕಾಗಲ್ಲ, ಎರಡು ಇಂಚು ನೀರಿದ್ದರೂ ಜೀವಕ್ಕೆ ಕುತ್ತು.

ಆಮೇಲೆ ನೀವೇ ಆ ನೆಲದಲ್ಲಿ ಅಂಗಾತ ಮಲಗಿ, ಒಂದು ಸಲ ಅಂಬೆಗಾಲಲ್ಲಿ ಸುತ್ತಾಡಿ. ತೋಟದ ಲೆಕ್ಕ ಬರೆಯೋ ರೈಟರ್ ನಗ್ತಾರೆ, ನಗ್ಲಿ. ಕಣ್ಣಿಗೆ ಹೊಡೆಯೋ ಬಲ್ಬು, ಕೈಗೆಟುಕೋ ಪ್ಲಗ್, ಬಾಗಿಲಿನ ಸಂದು, ಮೊಳೆ, ಜೋತಾಡೋ ಹಗ್ಗ ಎಲ್ಲ ಆವಾಗ ಕಾಣ್ತದೆ. ಗೋಡೆಗೆ ತಿಳಿ ಬಣ್ಣ ಸಾಕು, ಡಬ್ಬದ ಮೇಲೆ ಸೀಸ 90 ಪಿಪಿಎಂ ಒಳಗಿದೆ ಅಂತ ಬರೆದಿದೆಯಾ ನೋಡಿ ತನ್ನಿ.

ಒಂದು ಮಗುವಿಗೆ 10ರಿಂದ 12 ಚದರಡಿ ಅನ್ನೋದು ಸರ್ಕಾರದ ಕನಿಷ್ಠ ಲೆಕ್ಕ, ನಿಮ್ಮಲ್ಲಿ 15 ಬರ್ತದೆ. ಆದರೆ ಓಡೋ ಮಕ್ಕಳನ್ನೂ ಬೋರಲು ಬೀಳೋ ಕೂಸುಗಳನ್ನೂ ಒಂದೇ ಜಾಗದಲ್ಲಿ ಬಿಟ್ಟರೆ ಕೂಸುಗಳನ್ನ ತುಳಿದುಹಾಕ್ತವೆ. ಮೂರರಲ್ಲಿ ಒಂದು ಭಾಗವನ್ನ ಸಿಲ್ವರ್ ಓಕ್ ಮರದ ಹಲಗೆಯಿಂದ ಅಡ್ಡ ಕಟ್ಟಿಸಿ. ಎರಡಡಿ ಎತ್ತರ ಸಾಕು, ದೊಡ್ಡವರು ದಾಟಬಹುದು. ಸಿಬಿರು ಇರದ ಹಾಗೆ ಉಜ್ಜಿಸಿ. ಹಲಗೆ ಬದಲು ಪಟ್ಟಿ ಹೊಡೆಸಿದರೆ ಸಂದು ಎರಡೂಕಾಲು ಇಂಚು ಮೀರಬಾರದು, ತಲೆ ಸಿಕ್ಕಿಕೊಳ್ತದೆ. ಕೂಸುಗಳ ಕಡೆ ಗೋಡೆಗೆ, ನೆಲಕ್ಕೆ ಅಂಟಿದ ಹಾಗೆ, ಒಡೆಯದ ಅಕ್ರಿಲಿಕ್ ಕನ್ನಡಿ ಅಡ್ಡಡ್ಡ ಕೂರಿಸಿ, ಒಂದೂವರೆ ಅಡಿ ಎತ್ತರದಲ್ಲಿ ಹಿಡಿದು ನಿಲ್ಲಕ್ಕೆ ಗಟ್ಟಿ ಪೈಪ್. ನಿಂತು ಬಿದ್ದು ಕಲಿಯೋದಕ್ಕೆ ಇಷ್ಟೇ ಬೇಕಿರೋದು.

ನೆಲ ರೆಡ್ ಆಕ್ಸೈಡ್ ಅಂದ್ರಲ್ಲ, ಡಿಸೆಂಬರ್‌ನಲ್ಲಿ ಕೊರೆಯುತ್ತೆ. ಗೋಣಿಚೀಲ ಹಾಕಬೇಡಿ, ಧೂಳು, ನಾರು ಉದುರ್ತದೆ. ಚಾಪೆ ಮೇಲೆ ಕೌದಿ ಮಡಿಸಿ ಹಾಸಿ. ಉತ್ತರ ಕರ್ನಾಟಕದಿಂದ ಬರೋರ ಹತ್ರ ಕೇಳಿದರೆ ಅವರೇ ಹೊಲಿದುಕೊಡ್ತಾರೆ. ಹಾಸಿಗೆ ಗಟ್ಟಿಯಾಗಿರಬೇಕು, ಕೂಸನ್ನ ಅಂಗಾತ ಮಲಗಿಸಬೇಕು, ತಲೆದಿಂಬು, ಬೊಂಬೆ, ಮುಖದವರೆಗೆ ಕಂಬಳಿ ಬೇಡ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕೋ ಅಭ್ಯಾಸ ನಮ್ಮ ಕಡೆ ಇದೆ. ಆ ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ, ಮಲಗಿದವರು ಏಳಲ್ಲ. ಸೀರೆ ಜೋಲಿ ತಾಯಂದಿರು ಕಟ್ಟೇ ಕಟ್ತಾರೆ. ನಿದ್ದೆ ಹತ್ತಿದ ಮೇಲೆ ಕೆಳಗೆ ಮಲಗಿಸಿ ಅನ್ನಿ, ಮಗುಚೋಕೆ ಶುರು ಮಾಡಿದ ಮಗುವಿಗೆ ಜೋಲಿಯೇ ಬೇಡ.

ಆಟಿಕೆಗೆ ದುಡ್ಡು ಸುರಿಯಬೇಡಿ. ಸ್ಟೀಲ್ ಲೋಟ, ಸೌಟು, ನುಣ್ಣಗೆ ಉಜ್ಜಿದ ತೆಂಗಿನ ಚಿಪ್ಪು, ಬಟ್ಟೆ ಚೆಂಡು, ಬುಟ್ಟಿ, ಚನ್ನಪಟ್ಟಣದ ಮರದ ಗಿಲಕಿ ಒಂದೆರಡು. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ತುಂಡು ಬಿದ್ದಿರ್ತವಲ್ಲ, ಒಂದೂವರೆ ಇಂಚಿನದು ಒಂದು ತಂದು ಬಾಗಿಲ ಹತ್ರ ನೇತುಹಾಕಿ. ಅದರೊಳಗೆ ತೂರೋದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳೋ ಸಾಮಾನು, ಕೋಣೆಗೆ ಬರಬಾರದು. ಕಾಫಿ ಹಣ್ಣು, ಕಡಲೆಕಾಯಿ, ದೃಷ್ಟಿಮಣಿ, ಬಟನ್ ಸೆಲ್ ಎಲ್ಲ ಅದರಲ್ಲೇ ಬಂತು. ತಾಯಂದಿರ ಮಡಿಲಿಂದ ಉದುರೋ ಹಣ್ಣಿಗೆ ದಿನಾ ಎರಡು ಸಲ ಗುಡಿಸಬೇಕಾಗ್ತದೆ.

ಹೊಲಸು ಬಟ್ಟೆ ಬದಲಿಸೋ ಜಾಗ ಒಂದು ಮೂಲೆ, ಊಟದ್ದು ಎದುರು ಮೂಲೆ, ನಡುವೆ ಸೋಪು.

ಇದೆಲ್ಲಕ್ಕಿಂತ ಕಷ್ಟದ್ದು ನೋಡಿಕೊಳ್ಳೋರು. ಮೂರರೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಅಂತ ಲೆಕ್ಕ, ನಿಮಗೆ ಇಬ್ಬರು ಬೇಕು, ಕೊಯ್ಲು ಮುಗಿಯೋವರೆಗೂ ಅದೇ ಇಬ್ಬರು. ದಿನಕ್ಕೊಬ್ಬರನ್ನ ಕಳಿಸಿದರೆ ಮಗು ಅಳು ನಿಲ್ಲಿಸಲ್ಲ. ಈ ಸಲ ಅಸ್ಸಾಂ ಕಡೆಯವರು ಜಾಸ್ತಿ ಅಂತಿದ್ದೀರಿ, ಹಾಗಾದ್ರೆ ಒಬ್ಬರು ಅವರಲ್ಲೇ ಇರ್ಲಿ. ಗುರುತಿನ ಮಾತು ಕಿವಿಗೆ ಬಿದ್ದರೆ ಅರ್ಧ ಅಳು ಅಲ್ಲೇ ನಿಲ್ತದೆ.

ಇನ್ನೊಂದು, ಯಾರೂ ಯೋಚಿಸದ್ದು. ಕಿಲೋ ಲೆಕ್ಕದಲ್ಲಿ ಕೂಲಿ ಇದ್ದರೆ ಹಾಲುಣಿಸೋಕೆ ಬಂದ ತಾಯಿಗೆ ಅಷ್ಟು ದುಡ್ಡು ಖೋತಾ, ಹಾಗಾಗಿ ಬರೋದೇ ಇಲ್ಲ. ಆ ತಾಯಂದಿರಿಗೆ ಕೋಣೆಗೆ ಹತ್ತಿರದ ಬ್ಲಾಕಿನಲ್ಲೇ ಕೊಯ್ಲು ಕೊಡಿ, ಹಾಲಿನ ಹೊತ್ತಿಗೆ ಒಂದಿಷ್ಟು ಕಿಲೋ ಸೇರಿಸಿ ಬರೆಯಿರಿ ಅಂತ ರೈಟರ್‌ಗೆ ಹೇಳಿ. ಬಾಗಿಲ ಪಕ್ಕ ಪರದೆ, ಗೋಡೆಗೊರಗಿ ಕೂರಕ್ಕೆ ಜಾಗ, ಕುಡಿಯೋ ನೀರು ಇರ್ಲಿ. ಧರ್ಮಕ್ಕೆ ಮಾಡೋದು ಅಂತಲೂ ಅಂದ್ಕೋಬೇಡಿ, 50 ಹೆಣ್ಣಾಳು ಅಥವಾ 20 ಮಕ್ಕಳಿದ್ದ ತೋಟಕ್ಕೆ ಇಂಥ ಕೋಣೆ ಇರಬೇಕು ಅಂತ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಇತ್ತು.

ಕೋಣೆಯ ಫೋಟೋ ಹಾಕಿ, ಬಾಗಿಲು ಕಾಫಿ ಒಣಗಿಸೋ ಕಣದ ಕಡೆಗಾ ರಸ್ತೆ ಕಡೆಗಾ ಹೇಳಿ. ಕಣದ ಕಡೆ ಇದ್ದರೆ ಜೀಪು, ಟ್ರ್ಯಾಕ್ಟರ್ ಹಿಂದೆ ತೆಗೆಯೋ ಜಾಗಕ್ಕೆ ಬೇಲಿ ಹಾಕಿಸೋದು ಎಲ್ಲಕ್ಕಿಂತ ಮೊದಲ ಕೆಲಸ.