ಪಿ.ಟಿ. ಅಕ್ಕೋರನ್ನು ಕೇಳಿ: ಸೈಕಲ್ ಮೇಲೆ ಪಾನಶೇತ್‌ಗೆ

ಚಳಿ ಶುರುವಾಯಿತೆಂದರೆ ಪುಣೆಯ ಶಾಲೆಗಳಲ್ಲಿ ಸಹಲ್, ಅಂದರೆ ಶಾಲಾ ಪ್ರವಾಸದ, ಮಾತು ಶುರು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಊರಾಚೆಯ ಪಾನಶೇತ್ ಅಣೆಕಟ್ಟಿಗೆ ಹೋಗುವ ಸೈಕಲ್ ಕ್ಯಾಂಪಿನವೇ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಮಗ ಎಂಟನೇ ತರಗತಿ. ಡಿಸೆಂಬರ್‌ನಲ್ಲಿ ಶಾಲೆಯವರು ಮಕ್ಕಳನ್ನು ಸೈಕಲ್ ಮೇಲೆ ಪಾನಶೇತ್‌ಗೆ ಕರೆದುಕೊಂಡು ಹೋಗಿ ಒಂದು ರಾತ್ರಿ ಟೆಂಟಿನಲ್ಲಿ ಇರಿಸುತ್ತಾರಂತೆ. ಅವನದು ಗೇರ್ ಇಲ್ಲದ ಸೈಕಲ್. ಗೆಳೆಯರದ್ದೆಲ್ಲ ಗೇರಿನದು. ಹೊಸದು ಕೊಡಿಸಲೇಬೇಕಾ ಅಕ್ಕೋರೆ?
*ಒಬ್ಬ ತಂದೆ, ಕೊಥ್ರೂಡ್*

ಬೇಡ. ಡೊಣಜೆಯಲ್ಲಿ ಸಿಂಹಗಡದ ಕಡೆ ತಿರುಗಿದರೆ ಘಾಟ್, ಆ ಮಾತು ಬೇರೆ. ಪಾನಶೇತ್ ದಾರಿ ಹಾಗಲ್ಲ. ಖಡಕವಾಸ್ಲಾ ಅಣೆಕಟ್ಟು ದಾಟಿದ ಮೇಲೆ ನೀರಿನ ಪಕ್ಕದಲ್ಲೇ ಏರುತ್ತಾ ಇಳಿಯುತ್ತಾ ಖಾನಾಪುರ ಹಾದು ಹೋಗುತ್ತದೆ. ತೀರಾ ಏರು ಬಂದಲ್ಲಿ ಇಳಿದು ತಳ್ಳಿದರೆ ಆಯಿತು. ತಳ್ಳಿದರೆ ಮರ್ಯಾದೆ ಹೋಗುತ್ತದೆ ಅಂತ ಹುಡುಗರು ತಿಳಿದಿರುತ್ತಾರೆ, ಅದನ್ನು ಮಾತ್ರ ಮೊದಲೇ ತಲೆಯಿಂದ ತೆಗೆಯಿರಿ.

ಹೊಸ ಸೈಕಲ್ಲಿನ ದುಡ್ಡಿನಲ್ಲಿ ಸ್ವಲ್ಪ ತೆಗೆದು ಹಳೆಯದಕ್ಕೆ ಹಾಕಿ. ಬ್ರೇಕ್ ಶೂ ಸವೆದಿದ್ದರೆ ನಾಲ್ಕೂ ಬದಲಾಯಿಸಿ. ಬ್ರೇಕ್ ವೈರಿನ ಎಳೆ ಬಿಟ್ಟಿದ್ದರೆ ವೈರೂ ಹೊಸದು. ಟೈರಿನ ಪಕ್ಕದಲ್ಲಿ ಬಿರುಕು ಕಂಡರೆ ಟೈರೂ ಹೋಗಲಿ. ಎಷ್ಟು ಗಾಳಿ ಬೇಕು ಅನ್ನುವುದು ಟೈರಿನ ಮೇಲೇ ಅಚ್ಚಾಗಿರುತ್ತದೆ, ಅಂಗಡಿಯವನ ಹೆಬ್ಬೆರಳನ್ನು ನಂಬಬೇಡಿ. ನಾನು ನೋಡಿದ ಮಕ್ಕಳ ಸೈಕಲ್‌ಗಳಲ್ಲಿ ಎಷ್ಟೋಕ್ಕೆ ಒಂದೇ ಬ್ರೇಕ್ ಕೆಲಸ ಮಾಡುತ್ತಿತ್ತು, ಅದೂ ಹಿಂದಿನದು. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಬ್ರೇಕಿಗೆ. ಎರಡೂ ಇರಲೇಬೇಕು, ಎರಡನ್ನೂ ಒಟ್ಟಿಗೆ ಮೆಲ್ಲಗೆ ಹಿಡಿಯುವುದು ರೂಢಿಯಾಗಿರಬೇಕು.

ಆಮೇಲೆ ಸೀಟು. ಸೈಕಲ್ ತಂದ ದಿನ ಇಟ್ಟ ಎತ್ತರದಲ್ಲೇ ಇರುತ್ತದೆ ಅದು, ಹುಡುಗ ಮಾತ್ರ ಗೇಣುದ್ದ ಬೆಳೆದಿರುತ್ತಾನೆ. ಸೀಟಿನ ಮೇಲೆ ಕೂರಿಸಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಲು ಹೇಳಿ. ಕಾಲು ನೇರ ಆಗಬೇಕು. ಮೊಣಕಾಲು ಮಡಚಿಯೇ ಇದ್ದರೆ ಸೀಟು ಏರಿಸಿ. ತಗ್ಗಿನ ಸೀಟಿನಲ್ಲಿ ಶಾಲೆಗೆ ಹೋಗಿ ಬರಬಹುದು, ನಲವತ್ತು ಕಿಲೋಮೀಟರ್ ಹೋದರೆ ಮೊಣಕಾಲು ಬಿಡುವುದಿಲ್ಲ.

ಇಷ್ಟಾದ ಮೇಲೂ ಹೊಸದು ಕೊಡಿಸುವ ಮನಸ್ಸಿದ್ದರೆ ತಿಂಗಳು ಮೊದಲೇ ಕೊಡಿಸಿ. ಹೊಸ ಸೈಕಲ್ಲಿನ ವೈರು ಸಡಿಲಾಗುತ್ತದೆ, ಸ್ಪೋಕ್ ಸಡಿಲಾಗುತ್ತದೆ. ಕೆಲವು ವಾರ ಓಡಿಸಿ ಅಂಗಡಿಯಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಬೇಕು.

ಮೂವತ್ತು ಮಕ್ಕಳನ್ನು ಕರೆದೊಯ್ಯುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಕೆಲಸಕ್ಕೆ ಸೇರಿ ಎರಡು ವರ್ಷ ಅಷ್ಟೇ. ಒಂದೂವರೆ ತಿಂಗಳು ಇದೆ. ಎಲ್ಲಿಂದ ಶುರು ಮಾಡಲಿ? ಯಾವ ಮಗು ತಯಾರಾಗಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?
*ಶಿಕ್ಷಕ, ನಿಗಡಿ*

ಮೈದಾನದಿಂದ ಶುರು ಮಾಡಿ ತಮ್ಮಾ, ರಸ್ತೆಯಿಂದ ಅಲ್ಲ. ಸುಣ್ಣದಲ್ಲಿ ನೇರ ಗೆರೆ ಎಳೆಯಿರಿ. ಮಗು ಆ ಗೆರೆಯ ಮೇಲೆ ಹೋಗುತ್ತಾ ಬಲಕ್ಕೆ ತಿರುಗಿ ಹಿಂದೆ ನೋಡಬೇಕು. ನೀವು ಹಿಂದೆ ನಿಂತು ಬೆರಳು ತೋರಿಸಿ, ಎಷ್ಟು ಬೆರಳು ಅಂತ ಅದು ಕೂಗಿ ಹೇಳಬೇಕು, ಗೆರೆ ಬಿಡಬಾರದು. ಒಂದೇ ಕೈಯಲ್ಲಿ ಸ್ವಲ್ಪ ದೂರ ಹೋಗಬೇಕು. ಹೇಳಿದ ಗುರುತಿಗೆ ನಿಲ್ಲಬೇಕು. ಏರಿನಲ್ಲಿ ನಿಂತ ಸೈಕಲ್ಲನ್ನು ಓಲಾಡದೆ ಮತ್ತೆ ಹೊರಡಿಸಬೇಕು. ಇವು ಬಂದರೆ ಮಗು ರಸ್ತೆಗೆ ಸಿದ್ಧ. ಬರದಿದ್ದರೆ ಅದು ಎಷ್ಟೇ ಜೋರಾಗಿ ಓಡಿಸಲಿ, ಬಿಡಬೇಡಿ. ನನಗೆ ಭಯ ಹುಟ್ಟಿಸುವುದು ನಿಧಾನ ಹೋಗುವ ಮಕ್ಕಳಲ್ಲ, ಹಿಂದೆ ನೋಡದೆ ಬಲಕ್ಕೆ ಬರುವವರು.

ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಸವಾರಿ. ಮೊದಲು ಹತ್ತು ಕಿಲೋಮೀಟರ್, ಆಮೇಲೆ ಹದಿನೈದು, ಕೊನೆಯದು ಇಪ್ಪತ್ತೈದು. ಆ ಕೊನೆಯದನ್ನು ಸಾಮಾನು ಕಟ್ಟಿಕೊಂಡೇ ಮಾಡಿಸಿ. ಇದೊಂದನ್ನು ಬಹಳ ಶಾಲೆಗಳು ಮಾಡುವುದಿಲ್ಲ. ಖಾಲಿ ಸೈಕಲ್ ಚೆನ್ನಾಗಿ ಓಡಿಸುವ ಹುಡುಗಿ ಕ್ಯಾರಿಯರಿಗೆ ಐದು ಕಿಲೋ ಕಟ್ಟಿದರೆ ಹ್ಯಾಂಡಲ್ ಅಲುಗಾಡಿಸಿಕೊಂಡು ಹೋಗುತ್ತಾಳೆ. ಬ್ರೇಕ್ ಹಿಡಿದರೂ ಸೈಕಲ್ ಒಂದಿಷ್ಟು ದೂರ ಹೋಗಿಯೇ ನಿಲ್ಲುತ್ತದೆ. ಶೂ, ಚಡ್ಡಿ, ಹೆಲ್ಮೆಟ್, ಚೀಲ, ತಿಂಡಿ ಎಲ್ಲವೂ ಆ ಭಾನುವಾರ ಬರಲಿ. ಹೊರಡುವ ದಿನ ಯಾವುದೂ ಮೊದಲ ಸಲ ಆಗಬಾರದು.

ರಸ್ತೆಯಲ್ಲಿ ಮೂವತ್ತು ಜನರ ಒಂದೇ ಸಾಲು ಮಾಡಬೇಡಿ. ಹಿಂದಿನ ಗಾಡಿಯವನಿಗೆ ದಾಟಲು ಆಗುವುದಿಲ್ಲ, ತಾಳ್ಮೆ ಕೆಟ್ಟು ನಡುವೆ ನುಗ್ಗುತ್ತಾನೆ. ಎಂಟು-ಹತ್ತು ಮಕ್ಕಳ ಗುಂಪು ಮಾಡಿ, ಗುಂಪುಗಳ ನಡುವೆ ಲಾರಿ ತೂರುವಷ್ಟು ಜಾಗ ಬಿಡಿ. ಪ್ರತಿ ಗುಂಪಿನ ಮುಂದೊಬ್ಬ ದೊಡ್ಡವರು, ಹಿಂದೊಬ್ಬರು. ಪಂಪು, ಟ್ಯೂಬ್, ಪಂಕ್ಚರ್ ಸಾಮಾನು ಹಿಂದಿನವರ ಬಳಿ ಇರಲಿ, ಕೆಟ್ಟ ಸೈಕಲ್ ಯಾವಾಗಲೂ ಹಿಂದಕ್ಕೇ ಉಳಿಯುವುದು. ಎಲ್ಲಕ್ಕಿಂತ ನಿಧಾನದ ಮಗುವನ್ನು ಮುಂದಿನವರ ಬೆನ್ನಿಗೇ ಹಾಕಿ. ಕೊನೆಗೆ ಹಾಕಿದರೆ ಅದು ಬಂದು ಮುಟ್ಟುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದಿರುತ್ತದೆ, ಅದಕ್ಕೆ ದಿನವಿಡೀ ವಿಶ್ರಾಂತಿಯೇ ಇಲ್ಲ.

ಕೂಗುವುದನ್ನೂ ಕಲಿಸಿ. ನಮ್ಮ ಮಕ್ಕಳು ಹಿಂದಿನಿಂದ ವಾಹನ ಬಂದರೆ ‘ಮಾಗೂನ್ ಗಾಡೀ’, ಗುಂಡಿ ಬಂದರೆ ‘ಖಡ್ಡಾ’ ಅಂತ ಕೂಗುತ್ತಿದ್ದರು. ಕೂಗು ಸಾಲಿನುದ್ದಕ್ಕೂ ಹೋಗಬೇಕು.

ಮಕ್ಕಳ ಗುಂಪಿನ ವೇಗ ಗಂಟೆಗೆ ಹತ್ತು-ಹನ್ನೆರಡು ಕಿಲೋಮೀಟರ್ ಅಂತ ಹಿಡಿಯಿರಿ. ನಿಲ್ಲುವುದು, ತಿನ್ನುವುದು, ಪಂಕ್ಚರ್ ಸೇರಿದರೆ ದಿನದ ದೊಡ್ಡ ಭಾಗ ಹೋಯಿತು. ನಿಗಡಿಯಿಂದ ಪುಣೆ ದಾಟುವ ತನಕ ಸೈಕಲ್‌ಗಳನ್ನು ಟೆಂಪೊದಲ್ಲೇ ಹಾಕಿ, ಆ ಟ್ರಾಫಿಕ್ಕಿನಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಟೆಂಟು, ಪಾತ್ರೆಗಳೂ ಟೆಂಪೊದಲ್ಲೇ ಮುಂದೆ ಹೋಗಲಿ. ಬೆಳಕು ಹರಿದ ಕೂಡಲೇ ಹೊರಡಿ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಕತ್ತಲಾಗುವ ಮೊದಲೇ ಟೆಂಟು ಎದ್ದಿರಬೇಕು. ಭಾನುವಾರವಂತೂ ಬೇಡ. ಭಜಿ, ಮೆಕ್ಕೆಜೋಳ ತಿನ್ನಲು ಪುಣೆಗೆ ಪುಣೆಯೇ ಖಡಕವಾಸ್ಲಾ ದಂಡೆಗೆ ಬಂದಿರುತ್ತದೆ.

ರಾತ್ರಿ ಏನು ಮಾಡಿಸಲಿ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಅಂತಾಕ್ಷರಿ ಬಿಟ್ಟು ಈ ಕತೆ ಹೇಳಿ. 1961ರ ಜುಲೈ 12ರಂದು ಈ ಪಾನಶೇತ್ ಅಣೆಕಟ್ಟೇ ಒಡೆದದ್ದು. ನೀರು ಕೆಳಗಿನ ಖಡಕವಾಸ್ಲಾವನ್ನೂ ಒಡೆದುಕೊಂಡು ಮುಠಾ ನದಿಗುಂಟ ಪುಣೆಯ ಪೇಠೆಗಳಿಗೆ ನುಗ್ಗಿತು. ಅವತ್ತು ನೀರು ಬಂದ ದಿಕ್ಕಿಗೆ ಎದುರಾಗಿ ಮಕ್ಕಳು ಸೈಕಲ್ ತುಳಿದು ಬಂದಿರುತ್ತಾರೆ. ಎಷ್ಟು ದೂರ ಅಂತ ಕಾಲಿಗೆ ಗೊತ್ತಾಗಿರುತ್ತದೆ. ಮನೆಯಲ್ಲಿ ಆ ಪ್ರವಾಹ ಕಂಡ ಅಜ್ಜ-ಅಜ್ಜಿ ಇದ್ದರೆ ಮೊದಲೇ ಕೇಳಿಕೊಂಡು ಬರಲು ಹೇಳಿ.

ಮಗಳು ಒಂಬತ್ತನೇ ತರಗತಿ. ಕ್ಯಾಂಪಿನ ದಿನಗಳಲ್ಲೇ ಅವಳ ಮುಟ್ಟಿನ ದಿನ ಬರಬಹುದು. ಹೋಗಲ್ಲ ಅಂತ ಕೂತಿದ್ದಾಳೆ. ಒತ್ತಾಯ ಮಾಡಲಾ, ಬಿಡಲಾ?
*ಒಬ್ಬ ತಾಯಿ, ಹಡಪಸರ್*

ಅವಳಿಗೆ ಹೆದರಿಕೆ ಸೈಕಲ್ಲಿನದಾ, ಬದಲಾಯಿಸುವ ಜಾಗದ್ದಾ? ಬಹುಪಾಲು ಎರಡನೆಯದೇ ಇರುತ್ತದೆ. ಹಾಗಾದರೆ ಪ್ರಶ್ನೆ ಶಾಲೆಗೆ ಕೇಳಿ. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತೀರಿ, ಅಲ್ಲಿ ಶೌಚಾಲಯ ಇದೆಯಾ, ಜೊತೆಗೆ ಯಾವ ಟೀಚರ್ ಬರುತ್ತಾರೆ? ಪೆಟ್ರೋಲ್ ಪಂಪ್, ಹೋಟೆಲ್ ನೋಡಿಕೊಂಡೇ ವಿಶ್ರಾಂತಿಯ ಜಾಗ ಗುರುತು ಮಾಡಬೇಕು. ‘ದಾರಿಯಲ್ಲಿ ನೋಡೋಣ’ ಅಂತ ಉತ್ತರ ಬಂದರೆ ನೀವು ನಾಲ್ಕು ತಾಯಂದಿರು ಸೇರಿ ಹೋಗಿ ಮತ್ತೆ ಕೇಳಿ.

ಇದರಿಂದ ಇನ್ನೊಂದು ತೊಂದರೆ ಆಗುತ್ತದೆ, ಗಂಡು ಮಾಸ್ತರರಿಗೆ ಹೊಳೆಯುವುದೇ ಇಲ್ಲ. ಶೌಚಾಲಯದ ಚಿಂತೆಗೆ ಹುಡುಗಿಯರು ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಂತಿ, ಕಾಲು ಹಿಡಿಯುವುದು. ಆಗ ‘ಹುಡುಗಿಯರಿಗೆ ಆಗುವುದಿಲ್ಲ’ ಅಂತ ಮಾತು ಬರುತ್ತದೆ! ಪ್ರತಿ ನಿಲುಗಡೆಯಲ್ಲೂ ಟೀಚರ್ ಬಾಟಲಿ ನೋಡಬೇಕು.

ಮಗಳಿಗೆ ಪ್ಯಾಡು, ಹಳೆ ಪೇಪರ್, ಮುಚ್ಚುವ ಚೀಲ, ಒಂದು ಜೊತೆ ಬಟ್ಟೆಯನ್ನು ಬೇರೆಯೇ ಪುಟ್ಟ ಚೀಲದಲ್ಲಿ ಕೊಡಿ. ಅದು ಅವಳ ಸೈಕಲ್ಲಿನಲ್ಲೇ ಇರಲಿ, ಟೆಂಪೊಕ್ಕೆ ಹಾಕಬೇಡಿ. ಉಜ್ಜಿ ಗಾಯ ಆಗದಂತೆ ಹೊಲಿಗೆ ದಪ್ಪ ಇಲ್ಲದ ಚಡ್ಡಿ ಹಾಕಲಿ, ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚಲಿ. ಅಭ್ಯಾಸದ ದಿನಗಳಲ್ಲಿ ಒಮ್ಮೆ ಮುಟ್ಟಾದಾಗಲೇ ಸ್ವಲ್ಪ ದೂರ ಓಡಿಸಿ ನೋಡಲಿ. ಆಮೇಲೂ ಬೇಡ ಅಂದರೆ ಬಿಡಿ.

ನಾನು 9ನೇ ತರಗತಿ. ನನಗೆ ಈಜು ಬರುತ್ತದೆ. ಪಾನಶೇತ್‌ನಲ್ಲಿ ಈಜಬಹುದಾ? ಮತ್ತೆ ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಲಿ? ಹಾವು ಇರುತ್ತಾ?
*ವಾರಜೆಯ ವಿದ್ಯಾರ್ಥಿ*

ಈಜಬಾರದು. ದಂಡೆ ಇದ್ದಕ್ಕಿದ್ದಂತೆ ಆಳವಾಗುತ್ತದೆ, ಕೆಳಗೆ ಕೆಸರು. ಈಜು ಬರುವವರೂ ಮುಳುಗಿದ್ದಾರೆ. ಮೊಣಕಾಲುದ್ದವೂ ಬೇಡ.

ಬ್ಯಾಗು ಬೆನ್ನಿಗೆ ಹಾಕಬೇಡ, ಬೆವರಿ ಬೆನ್ನು ನೋಯುತ್ತದೆ. ಕ್ಯಾರಿಯರಿಗೆ ಕಟ್ಟು. ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿಯಷ್ಟು ಬಿಗಿಯಾಗಿ ಯಾವ ಹಗ್ಗವೂ ಹಿಡಿಯುವುದಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಪಟ್ಟಿಯ ತುದಿ ಚಕ್ರಕ್ಕೆ ಸಿಗದ ಹಾಗೆ ಒಳಗೆ ಸಿಕ್ಕಿಸು. ರಾತ್ರಿ ಹತ್ತು-ಹನ್ನೆರಡು ಡಿಗ್ರಿಗೆ ಇಳಿಯಬಹುದು, ನೀರಿನ ಹತ್ತಿರ ಇನ್ನೂ ಚಳಿ. ಸ್ವೆಟರ್, ಟೋಪಿ, ಒಣ ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿಡು. ಟಾರ್ಚ್, ಎರಡು ಬಾಟಲಿ ನೀರು, ತಟ್ಟೆ-ಲೋಟ. ಜೀನ್ಸ್ ಬೇಡ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿ. ಟೈರ್ ಬಿಚ್ಚಲು ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬಿಗೆ ಇನ್ನೊಂದು ತೂತು.

ಹಾವು ಇರುತ್ತದೆ, ಅದರ ಊರು ಅಲ್ವಾ ಅದು? ಟೆಂಟಿನ ಜಿಪ್ ಹಾಕಿಯೇ ಇರಲಿ. ಶೂ ಕೊಡವಿ ಹಾಕು. ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡ. ಕಟ್ಟುಹಾವು, ಇಲ್ಲಿಯವರ ಮಣ್ಯಾರ್, ಕಚ್ಚಿದರೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಅನುಮಾನ ಬಂದರೂ ಸರ್‌ಗೆ ಹೇಳು. ಹಗ್ಗ ಬಿಗಿಯುವುದು, ಕೊಯ್ಯುವುದು ಬೇಡ. ಅಲುಗಾಡದೆ ಇದ್ದು, 108ಕ್ಕೆ ಫೋನ್ ಮಾಡಿಸಿ ಆಸ್ಪತ್ರೆ ಸೇರಬೇಕು.

ಮೊಮ್ಮಗನಿಗೆ ದಾರಿಗೆ ಏನು ಕಟ್ಟಿ ಕೊಡಲಿ?
*ಒಬ್ಬ ಅಜ್ಜಿ, ಬಿಬವೇವಾಡಿ*

ಶೇಂಗಾ ಉಂಡೆ, ಚಪಾತಿಗೆ ಚಟ್ನಿಪುಡಿ ಎಣ್ಣೆ ಹಚ್ಚಿ ಸುತ್ತಿದ್ದು, ಬಾಳೆಹಣ್ಣು. ಕರಿದದ್ದು ಬೇಡ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ ತೆಗೆದು ಪೊಟ್ಟಣ ಕಟ್ಟಿ ಕೊಡಿ, ಬೇಕಾದಾಗ ಕಲಸಿಕೊಳ್ಳುತ್ತಾನೆ. ಗೆಳೆಯರಿಗೂ ಇರಲಿ ಅಂತ ದೊಡ್ಡ ಸ್ಟೀಲ್ ಡಬ್ಬಿ ತುಂಬಬೇಡಿ ಅಮ್ಮಾ. ಗೆಳೆಯರು ತಿನ್ನುತ್ತಾರೆ, ಡಬ್ಬಿ ಹೊರುವವನು ಇವನೇ.