ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡ್ದಿದ್ರೆ ಅದು ಸಿವಿಲ್ಲಾ ಕ್ರಿಮಿನಲ್ಲಾ, ರಿಟ್ ಹಾಕ್ಬೋದಾ?

ಬೆಂಗಳೂರಲ್ಲಿ ಲಾ ಓದೋರಿಗೆ ಈ ಮೂರರ ವ್ಯತ್ಯಾಸ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ ಬಿಡಿ. ಮಾಮೂಲಿಯಾಗಿ ಇದು ಸಿವಿಲ್. ಅಗ್ರಿಮೆಂಟ್ ಆಗಿದೆ, ಮನೆ ಖಾಲಿ ಮಾಡಿದೀರ, ಓನರ್ರು ಪೇಂಟಿಂಗು ಅದು ಇದು ಅಂತ ದುಡ್ಡು ಹಿಡ್ಕೊಂಡಿದಾರೆ, ಅಂದ್ರೆ ಒಪ್ಪಂದ ಮುರಿದಿದಾರೆ ಅಷ್ಟೇ, ಲಾಯರ್ ನೋಟಿಸ್ ಕೊಟ್ಟು ಹಣ ವಸೂಲಿಗೆ ದಾವೆ ಹಾಕ್ಬೇಕು, ಸಾಮಾನ್ಯವಾಗಿ 3 ವರ್ಷದೊಳಗೆ. ಸ್ಟೇಷನ್ನಲ್ಲಿ "ಇದು ಸಿವಿಲ್ ಮ್ಯಾಟರ್ರು, ಕೋರ್ಟಿಗೆ ಹೋಗಿ" ಅಂತ ಕಳ್ಸೋದು ಇದಕ್ಕೇನೆ.

ಆದ್ರೆ ಒಂದೇ ಮನೆನ ನಾಲ್ಕು ಜನಕ್ಕೆ ಲೀಸ್‌ಗೆ ತೋರ್ಸಿ ಎಲ್ಲರ ಹತ್ರನೂ ಲಕ್ಷಗಟ್ಟಲೆ ಈಸ್ಕೊಂಡಿದ್ರೆ ಕಥೆನೇ ಬೇರೆ, ಅಲ್ಲಿ ಶುರುವಲ್ಲೇ ಮೋಸ ಮಾಡೋ ಉದ್ದೇಶ ಇತ್ತು, ಅದು ವಂಚನೆ, ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 420, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 318. ಎಕ್ಸಾಮಲ್ಲಿ ಈ "ಶುರುವಲ್ಲೇ" ಅನ್ನೋ ಪಾಯಿಂಟ್ ಬಿಟ್ರೆ ಮಾರ್ಕ್ಸ್ ಹೋಯ್ತು ಅಂತಾನೇ ಲೆಕ್ಕ, ಆಮೇಲೆ ಮಾತು ತಪ್ಪಿದ ಮಾತ್ರಕ್ಕೆ ವಂಚನೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಬೇಕಿದ್ರೆ ಸಿವಿಲ್ಲು ಕ್ರಿಮಿನಲ್ಲು ಎರಡೂ ಒಟ್ಟಿಗೆ ನಡೀಬೋದು. ಕ್ರಿಮಿನಲ್ ಕೇಸಲ್ಲಿ ಸಮಂಜಸವಾದ ಸಂಶಯಕ್ಕೆ ಜಾಗ ಇಲ್ದಂಗೆ ಸಾಬೀತಾಗ್ಬೇಕು, ಸಿವಿಲಲ್ಲಿ ಯಾರ ಮಾತು ನಿಜ ಇರೋ ಸಾಧ್ಯತೆ ಜಾಸ್ತಿ ಅಂತ ನೋಡ್ತಾರೆ.

ರಿಟ್ಟಾ? ರಿಟ್ ಅಂದ್ರೆ "ಹೀಗೆ ಮಾಡಿ" ಇಲ್ಲಾ "ಮಾಡ್ಬೇಡಿ" ಅಂತ ಹೈಕೋರ್ಟ್ ನೇರವಾಗಿ ಕೊಡೋ ಆದೇಶ. ಅದಕ್ಕಿರೋ ಸಂವಿಧಾನದ 226ನೇ ವಿಧಿ ಮುಖ್ಯವಾಗಿ ಸರ್ಕಾರ ಮತ್ತೆ ಅದರ ಸಂಸ್ಥೆಗಳ ವಿರುದ್ಧ, ಓನರ್ ಖಾಸಗಿ ವ್ಯಕ್ತಿ, ಸೋ ನಡಿಯಲ್ಲ. ಪಾಲಿಕೆಯೋರು ನೋಟಿಸೇ ಕೊಡ್ದೆ ಮನೆ ಕೆಡವೋಕೆ ಜೆಸಿಬಿ ತಂದ್ರೆ, ಆಗ ಹೈಕೋರ್ಟಿಗೆ ಹೋಗಿ.